ಮನೆ ಬಿಟ್ಟುಕೊಡದ ದೆವ್ವಗಳು

ದೆವ್ವದ ಸಿನೆಮಾ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಕಿರುಗುಟ್ಟುವ ಬಾಗಿಲು, ತಾನಾಗಿ ಆರುವ ದೀಪ, ನಡುರಾತ್ರಿಯ ಗೆಜ್ಜೆ ಸದ್ದು. ಮನೆಯಲ್ಲಿ ಕನ್ನಡ ಸಿನೆಮಾ ನೋಡುವ ರೂಢಿ ಇದ್ದವರಿಗೆ 2004ರ 'ಆಪ್ತಮಿತ್ರ'ದ ಬೀಗ ಹಾಕಿದ ಕೋಣೆ ನೆನಪಾದೀತು. ಅಲ್ಲಿ ನಮ್ಮೆಲ್ಲರ ಆಸೆ ಒಂದೇ: ಹೇಗಾದರೂ ಸರಿ, ಆ ಬಾಧೆ ತೊಲಗಲಿ, ಮನೆ ಮನುಷ್ಯರಿಗೆ ಉಳಿಯಲಿ.

ಈ ಸಲ ಅದಕ್ಕೆ ತೀರ ತಿರುಗುಮುರುಗಾದ ಒಂದು ಚಿತ್ರವನ್ನು ನಿಮಗೆ ಪರಿಚಯಿಸಬೇಕೆಂದಿದ್ದೇನೆ. ಇಲ್ಲಿ ದೆವ್ವಗಳು ಯಾರನ್ನೂ ಹೆದರಿಸುವುದಿಲ್ಲ. ಹೆದರಿಕೆ ಇರುವುದು ಅವುಗಳಿಗೇ. ತಾವು ನೂರಾರು ವರ್ಷ ವಾಸವಾಗಿದ್ದ ಮನೆಯನ್ನು ಮಾರಿಬಿಡುತ್ತಾರಲ್ಲ ಎಂಬ ಹೆದರಿಕೆ. ನೋಡುವ ನಾವು ಮನುಷ್ಯರ ಪಕ್ಷ ಬಿಟ್ಟು ದೆವ್ವಗಳ ಪಕ್ಷ ಸೇರುತ್ತೇವೆ. ಚಿತ್ರದ ಹೆಸರು 'ಫಾಂತಾಸ್ಮಿ ಆ ರೋಮಾ', ಅಂದರೆ 'ರೋಮಿನಲ್ಲಿ ದೆವ್ವಗಳು'. 1961ರಲ್ಲಿ ತೆರೆಕಂಡ ಇಟಲಿಯ ಹಾಸ್ಯಚಿತ್ರ. ನಿರ್ದೇಶಕ ಅಂತೋನಿಯೋ ಪಿಯೆತ್ರಾಂಜೆಲಿ.

ಕಾಲೇಜಿನ ದಿನಗಳಲ್ಲಿ ಮುಂಬಯಿಯ ಒಂದು ಚಿಕ್ಕ ಫಿಲ್ಮ್ ಸೊಸೈಟಿಯಲ್ಲಿ, ಗಡಗಡ ಸದ್ದು ಮಾಡುವ ಫ್ಯಾನಿನ ಕೆಳಗೆ ಕೂತು ನಾನಿದನ್ನು ನೋಡಿದೆ. ನಗುತ್ತಾ ನೋಡಿದೆ. ಆದರೆ ಲೋಕಲ್ ಗಾಡಿಯಲ್ಲಿ ಮನೆಗೆ ಮರಳುವಾಗ ನಗು ಎಲ್ಲಿಗೋ ಹೋಗಿತ್ತು. ಯಾಕೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಕತೆ.

ಒಂದು ಅರಮನೆ, ನಾಲ್ಕು ದೆವ್ವ

ರೋಮ್ ನಗರದ ಹಳೆಯ ಭಾಗದಲ್ಲಿ ಒಂದು ಪಾಳುಬೀಳುತ್ತಿರುವ ಭವನ. ಅದರ ಒಡೆಯ ರೊವಿಯಾನೋ ವಂಶದ ವೃದ್ಧ ರಾಜಕುಮಾರ ಅನ್ನೀಬಲೆ. ಹೆಸರಿಗೆ ರಾಜಕುಮಾರ, ಕೈಯಲ್ಲಿ ಕಾಸಿಲ್ಲ. ಭವನವನ್ನು ಕೊಂಡು ಕೆಡವಿ ಹೊಸ ಕಟ್ಟಡ ಎಬ್ಬಿಸಬೇಕೆಂದು ಕಾದಿರುವವರು ಹಣದ ಆಸೆ ತೋರಿಸುತ್ತಾರೆ. ಮುದುಕ ಜಗ್ಗುವುದಿಲ್ಲ. ಈ ಮನೆಯಲ್ಲಿ ತಾನೊಬ್ಬನೇ ಇಲ್ಲ ಎಂಬುದು ಅವನ ನಂಬಿಕೆ. ಮನೆಯ ಅಗೋಚರ ಸದಸ್ಯರೊಡನೆ ಅವನು ಬಹಳ ಸಹಜವಾಗಿ, ಪಕ್ಕದ ಕೋಣೆಯಲ್ಲಿರುವ ನಂಟರೊಡನೆ ಆಡುವ ಹಾಗೆ, ಮಾತಾಡುತ್ತಾನೆ.

ಆ ಸದಸ್ಯರು ಯಾರೆಂದರೆ, ಮೊದಲನೆಯವನು ರೆಜಿನಾಲ್ದೋ. ಬದುಕಿದ್ದಾಗ ಹೆಂಗಸರ ಹಿಂದೆ ಬಿದ್ದವನು, ಸತ್ತ ಮೇಲೂ ಚಾಳಿ ಬಿಟ್ಟಿಲ್ಲ. ಎರಡನೆಯವನು ಬಾರ್ತೊಲೊಮೇಯೋ ಎಂಬ ಹೊಟ್ಟೆಬಾಕ ಸನ್ಯಾಸಿ. ಇಲಿಗೆಂದು ವಿಷ ಬೆರೆಸಿಟ್ಟ ಮಾಂಸದುಂಡೆಗಳನ್ನು ತಿಂದು ಪ್ರಾಣ ಬಿಟ್ಟವನು! ಮೂರನೆಯವಳು ದೊನ್ನಾ ಫ್ಲೋರಾ. ಪ್ರೇಮಭಂಗದಿಂದ ಜೀವ ಕಳೆದುಕೊಂಡ ಕನಸುಗಣ್ಣಿನ ಹೆಂಗಸು. ನಾಲ್ಕನೆಯವನು ಪೋಲ್ದಿನೋ ಎಂಬ ಪುಟ್ಟ ಹುಡುಗ, ಎಂದೂ ದೊಡ್ಡವನಾಗದವನು. ನಮ್ಮ ಕೂಡು ಕುಟುಂಬಗಳಲ್ಲಿ ಇರುತ್ತಿದ್ದ ಹಾಗೆಯೇ ಇವರಲ್ಲೂ ಜಗಳ, ಮುನಿಸು, ಹರಟೆ ಎಲ್ಲ ಉಂಟು.

ಹೀಗಿರುವಾಗ ಮನೆಯೊಳಗೇ ಒಂದು ಅಪಘಾತವಾಗಿ ಮುದುಕ ಸಾಯುತ್ತಾನೆ. ಬೇರೆ ಚಿತ್ರವಾಗಿದ್ದರೆ ಇದು ದುಃಖದ ಸನ್ನಿವೇಶ. ಇಲ್ಲಿ ಹಾಗಲ್ಲ. ಅವನು ಎದ್ದು, ಇಷ್ಟು ದಿನ ನಂಬಿಕೊಂಡು ಬಂದಿದ್ದವರ ಗುಂಪಿಗೆ ತಾನೂ ಸೇರಿಬಿಡುತ್ತಾನೆ. ಅವನಿಗೀಗ ಏಕಾಂತವೂ ಇಲ್ಲ, ಸಾಲಗಾರರ ಕಾಟವೂ ಇಲ್ಲ.

ತೊಂದರೆ ಶುರುವಾಗುವುದು ಬದುಕಿರುವವರಿಂದ. ವಾರಸುದಾರ ಫೆದೆರೀಕೋ ಬರುತ್ತಾನೆ. ಸುಂದರ, ಚುರುಕು, ಬೆನ್ನಿಗೆ ಐಲೀನ್ ಎಂಬ ಗೆಳತಿ. ಅವನಿಗೆ ಬೇಕಾದದ್ದು ಮನೆಯಲ್ಲ, ಮನೆಯ ಬೆಲೆ. ಮಾರಾಟದ ಮಾತು ಮುಂದುವರಿಯುತ್ತದೆ. ದೆವ್ವಗಳು ಸಭೆ ಸೇರುತ್ತವೆ. ಕೂಗಾಡಿ ಹೆದರಿಸಿದರೆ ಪ್ರಯೋಜನವಿಲ್ಲ, ಈ ಕಾಲದ ಜನ ದೆವ್ವಕ್ಕೆ ಹೆದರುವವರಲ್ಲ. ಹಾಗಾದರೆ ಯಾವುದಕ್ಕೆ ಹೆದರುತ್ತಾರೆ? ಸರಕಾರಕ್ಕೆ. ಮನೆಯಲ್ಲಿ ಅಮೂಲ್ಯವಾದ ಕಲಾಕೃತಿಯೊಂದು ಸಿಕ್ಕರೆ ಅದನ್ನು ಕೆಡವುವಂತಿಲ್ಲ.

ಆದ್ದರಿಂದ ಅವು ಬೇರೊಂದು ಕಡೆ ನೆಲೆಸಿರುವ ಇನ್ನೊಂದು ದೆವ್ವವನ್ನು ಕರೆತರುತ್ತವೆ. ಅವನು ಜ್ಯೋವಾನ್ ಬಾತ್ತಿಸ್ತಾ ವಿಲ್ಲಾರಿ, ಅಡ್ಡಹೆಸರು ಕಪಾರ್ರಾ. ಇಟಾಲಿಯನ್ ಭಾಷೆಯಲ್ಲಿ ಕಪಾರ್ರಾ ಎಂದರೆ ಮುಂಗಡ ಹಣ! ಹದಿನೇಳನೆಯ ಶತಮಾನದ ಈ ಚಿತ್ರಕಾರನಿಗೆ ಜನ್ಮಾಂತರದ ಹೊಟ್ಟೆಕಿಚ್ಚು ಒಂದೇ: ಕಾರವಾಜ್ಯೋ. ಆ ಮಹಾಶಯನಿಗಿಂತ ತಾನೇ ದೊಡ್ಡವನು, ಲೋಕಕ್ಕೆ ಅದು ತಿಳಿಯಲಿಲ್ಲ ಎಂಬ ಸಿಟ್ಟು. ದೆವ್ವಗಳ ಕೋರಿಕೆಯಂತೆ ಅವನು ಭವನದ ಛಾವಣಿಗೆ ಅದ್ಭುತವಾದ ಭಿತ್ತಿಚಿತ್ರವೊಂದನ್ನು ಬರೆಯುತ್ತಾನೆ. ತಜ್ಞರು ಬರುತ್ತಾರೆ, ಕತ್ತೆತ್ತಿ ನೋಡುತ್ತಾರೆ, ಮೈಮರೆಯುತ್ತಾರೆ. ಭವನ ಉಳಿಯುತ್ತದೆ. ಆದರೆ ತಜ್ಞರ ತೀರ್ಪೇನು ಗೊತ್ತೇ? ಇದು ಸಾಕ್ಷಾತ್ ಕಾರವಾಜ್ಯೋನ ಕೈಕೆಲಸ! ಪಾಪ, ಕಪಾರ್ರಾನ ರೋಷ ನೋಡಬೇಕು. ಸತ್ತವನು ಮತ್ತೊಮ್ಮೆ ಸತ್ತ ಹಾಗೆ.

ನಗುವಿನ ಹಿಂದಿನ ರೋಮ್

ಇದೆಲ್ಲ ಬರಿಯ ತಮಾಷೆ ಎಂದು ತೋರಬಹುದು. ಆದರೆ ಆ ಕಾಲದ ರೋಮನ್ನು ಸ್ವಲ್ಪ ಗಮನಿಸಿ. ಎರಡನೆಯ ಮಹಾಯುದ್ಧದ ಬಡತನದಿಂದ ಮೇಲೆದ್ದ ಇಟಲಿ, 1950ರ ದಶಕದ ಕೊನೆಯ ಹೊತ್ತಿಗೆ ಹಠಾತ್ತನೆ ಶ್ರೀಮಂತವಾಗತೊಡಗಿತ್ತು. ಕಾರು, ಫ್ರಿಜ್ಜು, ಟೆಲಿವಿಷನ್ ಮಧ್ಯಮ ವರ್ಗದ ಮನೆಗಳಿಗೆ ಬಂದವು. ಹಳ್ಳಿಗಳಿಂದ, ದಕ್ಷಿಣದ ಬಡ ಪ್ರಾಂತಗಳಿಂದ ಜನ ನಗರಗಳಿಗೆ ಹರಿದುಬಂದರು. 1951ರ ಜನಗಣತಿಯಲ್ಲಿ ಸುಮಾರು ಹದಿನಾರೂವರೆ ಲಕ್ಷವಿದ್ದ ರೋಮಿನ ಜನಸಂಖ್ಯೆ 1961ರಲ್ಲಿ ಸುಮಾರು 22 ಲಕ್ಷಕ್ಕೇರಿತ್ತು. ಇಷ್ಟು ಜನಕ್ಕೆ ಮನೆ ಬೇಕಲ್ಲ? ನೆಲದ ಬೆಲೆ ಗಗನಕ್ಕೇರಿತು, ಕಟ್ಟಡ ಕಟ್ಟುವವರು ಹೊಸ ದೊರೆಗಳಾದರು. ಜಮೀನುದಾರರು, ಕಟ್ಟಡ ಕಂಪೆನಿಗಳು, ನಗರಸಭೆ ಇವರ ಒಳ ಒಪ್ಪಂದಗಳ ಬಗ್ಗೆ 1955ರಲ್ಲೇ 'ಲೆಸ್ಪ್ರೆಸ್ಸೋ' ವಾರಪತ್ರಿಕೆ ದೊಡ್ಡ ತನಿಖಾ ವರದಿ ಪ್ರಕಟಿಸಿತ್ತು. 1963ರಲ್ಲಿ ಫ್ರಾಂಚೆಸ್ಕೋ ರೋಸಿ ಇದೇ ಪಿಡುಗನ್ನು ನೇಪಲ್ಸ್ ನಗರದ ಹಿನ್ನೆಲೆಯಲ್ಲಿ ಉರಿಯುವ ಸಿಟ್ಟಿನಿಂದ ಚಿತ್ರಿಸಿ, ವೆನಿಸ್ ಚಿತ್ರೋತ್ಸವದಲ್ಲಿ ಸ್ವರ್ಣಸಿಂಹ ಪ್ರಶಸ್ತಿ ಪಡೆದ. ಅದಕ್ಕೆ ಎರಡು ವರ್ಷ ಮೊದಲು ಪಿಯೆತ್ರಾಂಜೆಲಿ ಅದೇ ಮಾತನ್ನು ದೆವ್ವಗಳ ಬಾಯಲ್ಲಿ, ನಗುನಗುತ್ತಾ ಹೇಳಿದ್ದ.

ದೆವ್ವಗಳ ಉಪಾಯವೂ ಬರಿಯ ಕಲ್ಪನೆಯಲ್ಲ. ಕಲಾತ್ಮಕ ಹಾಗೂ ಐತಿಹಾಸಿಕ ಮಹತ್ವದ ವಸ್ತುಗಳನ್ನು, ಕಟ್ಟಡಗಳನ್ನು ರಕ್ಷಿಸಲು ಇಟಲಿಯಲ್ಲಿ 1939ರಲ್ಲೇ ಒಂದು ಕಾನೂನು ಬಂದಿತ್ತು. ಖಾಸಗಿಯವರ ಸೊತ್ತಾದರೂ ಸರಿ, ಮಹತ್ವದ್ದೆಂದು ಸರಕಾರ ಘೋಷಿಸಿದ ಮೇಲೆ ಒಡೆಯನು ಮನಸ್ಸು ಬಂದಂತೆ ಅದನ್ನು ಕೆಡವುವಂತಿಲ್ಲ. ಅಂದರೆ ನಮ್ಮ ದೆವ್ವಗಳಿಗೆ ಮಾಟಮಂತ್ರಕ್ಕಿಂತ ಕಾಯಿದೆ ಚೆನ್ನಾಗಿ ಗೊತ್ತು!

ಎರಡು ಸಾವಿರ ವರ್ಷದ ಪರಂಪರೆ

ಇನ್ನೊಂದು ಸ್ವಾರಸ್ಯ ಕೇಳಿ. ಇಟಲಿಯಲ್ಲಿ ದೆವ್ವದ ಮನೆಯನ್ನು ಹಾಸ್ಯಕ್ಕೆ ಬಳಸುವುದು ಈಚಿನ ಸಂಗತಿಯೇ ಅಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಹುಟ್ಟಿದ ರೋಮನ್ ನಾಟಕಕಾರ ಪ್ಲಾಟಸ್ 'ಮೊಸ್ತೆಲ್ಲಾರಿಯಾ' ಎಂಬ ಪ್ರಹಸನ ಬರೆದಿದ್ದಾನೆ. ಅಪ್ಪ ವ್ಯಾಪಾರಕ್ಕೆಂದು ಪರದೇಶಕ್ಕೆ ಹೋದಾಗ ಮಗ ಸಾಲ ಮಾಡಿ ಮನೆಯಲ್ಲಿ ಮೋಜು ಮಾಡುತ್ತಾನೆ. ಅಪ್ಪ ಹೇಳದೆ ಕೇಳದೆ ವಾಪಸು ಬಂದುಬಿಡುತ್ತಾನೆ. ಮನೆಯ ಗುಲಾಮ ತ್ರಾನಿಯೋ, ಬಾಗಿಲಿಗೆ ಬೀಗ ಜಡಿದು, ಒಡೆಯನನ್ನು ಬೀದಿಯಲ್ಲೇ ತಡೆದು, ಮನೆಗೆ ದೆವ್ವ ಹಿಡಿದಿದೆ, ಒಳಗೆ ಕಾಲಿಡಬೇಡಿ ಎಂದು ಬಿಡುತ್ತಾನೆ. ಅಷ್ಟರಲ್ಲಿ ಸಾಲ ಕೊಟ್ಟವನು ಬರುತ್ತಾನೆ. ಈ ಸಾಲ ಯಾತಕ್ಕೆ? ಪಕ್ಕದ ಮನೆ ಕೊಳ್ಳಲು, ಎಂದು ಇನ್ನೊಂದು ಸುಳ್ಳು. ಸುಳ್ಳಿನ ಮೇಲೆ ಸುಳ್ಳು. ಅಪ್ಪ ಅಮ್ಮ ಊರಿಗೆ ಹೋದಾಗ ಮನೆಯಲ್ಲಿ ಸ್ನೇಹಿತರನ್ನು ಸೇರಿಸಿದ ಅನುಭವವಿರುವ ಯುವಕರಿಗೆ ಈ ನಾಟಕ ಬೇಗ ಅರ್ಥವಾದೀತು.

ಕಿರಿಯ ಪ್ಲಿನಿ ಎಂಬ ರೋಮನ್ ಲೇಖಕ ಗೆಳೆಯನೊಬ್ಬನಿಗೆ ಬರೆದ ಪತ್ರದಲ್ಲೂ ಒಂದು ದೆವ್ವದ ಮನೆ ಇದೆ. ಅಥೆನ್ಸಿನಲ್ಲಿ ಅಥೆನೊಡೋರಸ್ ಎಂಬ ತತ್ತ್ವಜ್ಞಾನಿ, ಬಾಡಿಗೆ ವಿಪರೀತ ಕಡಿಮೆ ಇದೆಯಲ್ಲ ಎಂದು ಸಂಶಯಪಟ್ಟು, ಕಾರಣ ತಿಳಿದುಕೊಂಡು, ಅದೇ ಕಾರಣಕ್ಕೆ ಆ ಮನೆ ಹಿಡಿಯುತ್ತಾನೆ. ರಾತ್ರಿ ಸರಪಳಿ ಎಳೆಯುತ್ತಾ ಬಂದ ಪ್ರೇತ ಅವನನ್ನು ಕೈಸನ್ನೆಯಿಂದ ಅಂಗಳಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಅಗೆದಾಗ ಸರಪಳಿ ಸುತ್ತಿದ ಎಲುಬುಗಳು ಸಿಗುತ್ತವೆ. ವಿಧಿಪೂರ್ವಕ ಸಂಸ್ಕಾರವಾದ ಮೇಲೆ ಮನೆ ಶಾಂತವಾಗುತ್ತದೆ.

ನೇಪಲ್ಸಿನ ನಾಟಕಕಾರ ಎದ್ವಾರ್ದೋ ದೆ ಫಿಲಿಪ್ಪೋ ಬರೆದು, 1946ರಲ್ಲಿ ಮೊದಲು ರಂಗಕ್ಕೇರಿದ 'ಕ್ವೆಸ್ತಿ ಫಾಂತಾಸ್ಮಿ' ನಾಟಕದ ನಾಯಕ ಪಾಸ್ಕ್ವಾಲೆಗೂ ಒಂದು ದೊಡ್ಡ ಮನೆ ಐದು ವರ್ಷ ಬಾಡಿಗೆಯಿಲ್ಲದೆ ದೊರೆಯುತ್ತದೆ. ಷರತ್ತು ಒಂದೇ. ಅಲ್ಲಿ ದೆವ್ವವಿಲ್ಲ ಎಂದು ಜನಕ್ಕೆ ತೋರಿಸಲು ಅವನು ದಿನವೂ ಅದರ 68 ಬಾಲ್ಕನಿಗಳಲ್ಲಿ ಕಾಣಿಸಿಕೊಳ್ಳುತ್ತಿರಬೇಕು. ಹೆಂಡತಿಯ ಪ್ರಿಯಕರ ಮನೆಗೆ ಬಂದು ಹೋಗುತ್ತಾನೆ, ಹಣ ಇಟ್ಟು ಹೋಗುತ್ತಾನೆ. ಪಾಸ್ಕ್ವಾಲೆ ಅವನನ್ನು ಉಪಕಾರಿ ದೆವ್ವವೆಂದು ನಂಬುತ್ತಾನೆ. ನಿಜವಾಗಿ ನಂಬುತ್ತಾನೋ, ಬಡತನದಿಂದಾಗಿ ನಂಬಿದಂತೆ ಇರುತ್ತಾನೋ? ಈ ಪ್ರಶ್ನೆಗೆ ನಾಟಕ ಉತ್ತರ ಹೇಳುವುದಿಲ್ಲ. 1954ರಲ್ಲಿ ಎದ್ವಾರ್ದೋ ಅದನ್ನು ತಾನೇ ಸಿನೆಮಾ ಮಾಡಿದ. 1967ರಲ್ಲಿ ಸೋಫಿಯಾ ಲೊರೆನ್ ಮತ್ತು ವಿತ್ತೋರಿಯೋ ಗಾಸ್ಮನ್ ನಟಿಸಿದ ಇನ್ನೊಂದು ಚಿತ್ರವೂ ಬಂತು. ಆ ಎದ್ವಾರ್ದೋನೇ 'ಫಾಂತಾಸ್ಮಿ ಆ ರೋಮಾ'ದಲ್ಲಿ ವೃದ್ಧ ರಾಜಕುಮಾರನ ಪಾತ್ರ ಮಾಡಿದ್ದಾನೆ ಎಂದರೆ, ಪರಂಪರೆಯ ಕೊಂಡಿ ಎಲ್ಲಿ ಬೆಸೆದುಕೊಂಡಿದೆ ನೋಡಿ.

ಇವೆಲ್ಲದರಲ್ಲೂ ಒಂದು ಸಮಾನ ಅಂಶ ಕಾಣುತ್ತದೆಯೇ? ಸಾಲ, ಬಾಡಿಗೆ, ಮಾರಾಟ. ದೆವ್ವ ಇರುವ ಕಡೆಯಲ್ಲೆಲ್ಲ ಮನೆಯ ಬೆಲೆಯ ಮಾತೂ ಇದೆ. ನಮ್ಮ ದೇಶದಲ್ಲೂ ಇದಕ್ಕೆ ಉದಾಹರಣೆ ಉಂಟು. 2012ರಲ್ಲಿ ಅನೀಕ್ ದತ್ತ ನಿರ್ದೇಶಿಸಿದ ಬಂಗಾಳಿ ಚಿತ್ರ 'ಭೂತೇರ್ ಭವಿಷ್ಯತ್'ನಲ್ಲಿ ಕಲ್ಕತ್ತೆಯ ಹಳೆಯ ಮಹಲಿನ ದೆವ್ವಗಳು ಬಿಲ್ಡರನ ವಿರುದ್ಧ ಒಂದಾಗುತ್ತವೆ. ಮನೆಗಳು ಬೀಳುವ ಊರುಗಳಲ್ಲೆಲ್ಲ ಇಂಥ ದೆವ್ವಗಳು ಏಳುತ್ತವೆಂದು ಕಾಣುತ್ತದೆ.

ಮಾಡಿದವರು ಯಾರು?

ಈ ಲಘು ಚಿತ್ರದ ಹಿಂದೆ ಸೇರಿದ್ದ ಪ್ರತಿಭೆಗಳನ್ನು ನೋಡಿದರೆ ಬೆರಗಾಗುತ್ತದೆ. ಚಿತ್ರಕತೆಗೆ ಕೈಹಚ್ಚಿದವರಲ್ಲಿ ಸೆರ್ಜಿಯೋ ಅಮಿದೇಯಿ 1945ರ 'ರೋಮ್, ಓಪನ್ ಸಿಟಿ'ಯ ಲೇಖಕರಲ್ಲೊಬ್ಬ. ಎನ್ನಿಯೋ ಫ್ಲಯಾನೋ, ಫೆಲಿನಿಯ 'ಲಾ ದೋಲ್ಚೆ ವೀತಾ'ದ (1960) ಸಹಲೇಖಕ. ಇಂದು ಲೋಕವೆಲ್ಲ ಬಳಸುವ 'ಪಾಪರಾಜಿ' ಎಂಬ ಪದ ಹುಟ್ಟಿದ್ದು ಆ ಚಿತ್ರದ ಪಾತ್ರವೊಂದರ ಹೆಸರಿನಿಂದ. ಮತ್ತೊಬ್ಬ ಎತ್ತೋರೆ ಸ್ಕೋಲಾ ಮುಂದೆ ತಾನೇ ದೊಡ್ಡ ನಿರ್ದೇಶಕನಾದ. ಸಂಗೀತ ನೀನೋ ರೋತಾನದು. 'ಗಾಡ್‌ಫಾದರ್' (1972) ಚಿತ್ರದ ರಾಗ ಗುನುಗಿದವರೆಲ್ಲ ಅವನನ್ನು ಬಲ್ಲರು. ಬಣ್ಣದ ಛಾಯಾಗ್ರಹಣ ಜುಸೆಪ್ಪೆ ರೊತುನ್ನೋನದು.

ಫ್ಲೋರಾ ಆಗಿ ಸಾಂದ್ರಾ ಮೀಲೋ, ಸನ್ಯಾಸಿಯಾಗಿ ತೀನೋ ಬುವಾತ್ಸೆಲ್ಲಿ, ಉರಿಮುಖದ ಕಪಾರ್ರಾ ಆಗಿ ಗಾಸ್ಮನ್. ಐಲೀನ್ ಪಾತ್ರದ ಇಂಗ್ಲಿಷ್ ನಟಿ ಬೆಲಿಂಡಾ ಲೀ ಅದೇ 1961ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಳು. ಆಗ ಅವಳಿಗೆ ಇನ್ನೂ ಇಪ್ಪತ್ತೈದು. ಪಿಯೆತ್ರಾಂಜೆಲಿ ಕೂಡ ಹೆಚ್ಚು ಕಾಲ ಉಳಿಯಲಿಲ್ಲ. ಚಿತ್ರ ವಿಮರ್ಶಕನಾಗಿ ಆರಂಭಿಸಿ, 1953ರಲ್ಲಿ ಮೊದಲ ಚಿತ್ರ ಮಾಡಿ, 1965ರಲ್ಲಿ 'ಯೋ ಲಾ ಕೊನೊಷೇವೋ ಬೇನೆ' ಎಂಬ ಮನಕಲಕುವ ಚಿತ್ರ ಕೊಟ್ಟವನು, 1968ರಲ್ಲಿ ಚಿತ್ರೀಕರಣದ ವೇಳೆ ಸಮುದ್ರದಲ್ಲಿ ಮುಳುಗಿ ಸತ್ತ. ವಯಸ್ಸು 49. ಬದುಕಿದ್ದಾಗ ಫೆಲಿನಿ, ವಿಸ್ಕೊಂತಿಯರ ಹೆಸರಿನ ಅಬ್ಬರದಲ್ಲಿ ಅವನ ಹೆಸರು ಮಸುಕಾಗಿಯೇ ಇತ್ತು. ಕಪಾರ್ರಾನ ಕತೆ ನೆನಪಾಗುವುದಿಲ್ಲವೇ?

ಮಾರ್ಚೆಲ್ಲೋ ಮಾಸ್ತ್ರೊಯಾನ್ನಿಯ ಮಾತು ಬೇರೆಯೇ ಹೇಳಬೇಕು. 'ಶಂಕರ್ ಗುರು'ವಿನಲ್ಲಿ (1978) ರಾಜಕುಮಾರರ ತ್ರಿಪಾತ್ರ ನೋಡಿದ ನಮಗೆ ಇದು ಹೊಸತಲ್ಲ, ಅವನೂ ಇಲ್ಲಿ ಮೂರು ಪಾತ್ರ ವಹಿಸಿದ್ದಾನೆ. ಮುಖ್ಯವಾದ ಎರಡು ಯಾವುವೆಂದರೆ, ಮನೆ ಉಳಿಸಲು ಹೊರಟ ಪೂರ್ವಜ ರೆಜಿನಾಲ್ದೋ ಮತ್ತು ಮನೆ ಮಾರಲು ಹೊರಟ ಫೆದೆರೀಕೋ. ಎರಡಕ್ಕೂ ಒಂದೇ ಮುಖ! ಮಾರುವವನು ಪರಕೀಯನಲ್ಲ, ರಾಕ್ಷಸನೂ ಅಲ್ಲ. ಅದೇ ರಕ್ತ, ಅದೇ ಮೂಗು, ಅದೇ ಸೋಮಾರಿ ನಗು. ನಾನು ಲೋಕಲ್ ಗಾಡಿಯಲ್ಲಿ ಗಂಭೀರನಾದದ್ದು ಇಲ್ಲಿಯೇ.

ನಮ್ಮ ಮಾತು

ನಾನು ಈ ಚಿತ್ರ ನೋಡುವುದಕ್ಕೆ ಕೆಲವು ತಿಂಗಳ ಹಿಂದೆ, ಕುಂದಾಪುರದ ಬಳಿಯ ನಮ್ಮ ಅಜ್ಜನ ಮನೆಯನ್ನು ಮಾರುವ ಮಾತು ಬಂದಿತ್ತು. ದೊಡ್ಡಪ್ಪ ಫೋನಿನಲ್ಲಿ ಎಲ್ಲರ ಅಭಿಪ್ರಾಯ ಕೇಳುತ್ತಿದ್ದರು. ಅಪ್ಪ ರಿಸೀವರನ್ನು ನನ್ನ ಕೈಗಿತ್ತರು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ನಾನು, ಒಂದು ಕ್ಷಣವೂ ಯೋಚಿಸದೆ, "ಮಾರಿಬಿಡಿ ದೊಡ್ಡಪ್ಪ, ಅಲ್ಲಿ ಈಗ ಯಾರಿದ್ದಾರೆ?" ಎಂದೆ. ಅಪ್ಪ ಏನೂ ಹೇಳಲಿಲ್ಲ. ಎದ್ದು ಹೋಗಿ ಕಿಟಕಿಯ ಬಳಿ ನಿಂತರು.

ಅಲ್ಲಿ ಯಾರಿದ್ದಾರೆ? ಇಡೀ ಚಿತ್ರ ಈ ಒಂದು ಪ್ರಶ್ನೆಗೆ ಉತ್ತರ. ಅಲ್ಲಿ ಇದ್ದವರು ಇದ್ದಾರೆ, ಎನ್ನುತ್ತದೆ ಅದು. ಅವರ ಹೆಸರು ಹಿಡಿದು ಮಾತಾಡಿಸುವ ಒಬ್ಬ ಮುದುಕ ಉಳಿದಿರುವ ತನಕ ಮನೆ ಖಾಲಿಯಲ್ಲ. ಆ ಮುದುಕನೂ ಹೋದ ಮೇಲೆ ಏನು ಎಂಬುದೇ ಕಷ್ಟದ ಪ್ರಶ್ನೆ.

ಎಲ್ಲ ಹಳೆಯ ಮನೆಗಳನ್ನು ಉಳಿಸಿಕೊಳ್ಳಿ ಎಂದು ಉಪದೇಶ ಮಾಡುವ ಹಕ್ಕು ನನಗಿಲ್ಲ. ಮನೆ ಕಟ್ಟಿ ನೋಡು ಎಂದಿದ್ದಾರೆ ಹಿರಿಯರು. ಕಟ್ಟುವುದಕ್ಕಿಂತ ಹಳೆಯದನ್ನು ನಡೆಸುವುದು ಎಷ್ಟು ಕಷ್ಟವೆಂದು ಊರಲ್ಲೇ ಉಳಿದ ದೊಡ್ಡಪ್ಪನಂಥವರನ್ನು ಕೇಳಬೇಕು. ಸೋರುವ ಮಾಡು, ಗೆದ್ದಲು ಹತ್ತಿದ ತೊಲೆ, ಪ್ರತಿ ಮಳೆಗಾಲಕ್ಕೂ ಖರ್ಚು. ದೂರದಲ್ಲಿರುವ ನಾವು ಕಣ್ಣೀರು ಹಾಕುವುದು ಸುಲಭ, ಹೆಂಚು ಹೊದಿಸುವವರು ಅವರು. ನಮ್ಮ ಮನೆಯೂ ಮಾರಿ ಹೋಯಿತು. ಕೊಂಡವರು ಕೆಡವಿ ಬೇರೆ ಕಟ್ಟಿದರು. ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ಆದರೆ ನಾನು ಅಲ್ಲಿಗೆ ಒಮ್ಮೆ ಹೋಗಿ, ಯಾವ ಕೋಣೆಯಲ್ಲಿ ಯಾರು ಹುಟ್ಟಿದರು, ಯಾವ ಕಂಬಕ್ಕೆ ಒರಗಿ ಅಜ್ಜ ಕೂರುತ್ತಿದ್ದರು ಎಂದು ಅಪ್ಪನಿಂದ ಕೇಳಿಕೊಳ್ಳದೆ ಹೋದೆನಲ್ಲ, ಅದು ತಪ್ಪು. ಅದು ನನ್ನದು. ಈಗ ಕೇಳೋಣವೆಂದರೆ ಹೇಳುವವರೇ ಇಲ್ಲ.

ಚಿತ್ರದ ಕೊನೆಯ ನಗೆಯಲ್ಲಿ ಇನ್ನೊಂದು ಚುಚ್ಚು ಇದೆ. ಭವನ ಉಳಿದದ್ದು ಸುಳ್ಳು ಹೆಸರಿನಿಂದ. ಛಾವಣಿಯ ಚಿತ್ರ ಎಷ್ಟೇ ಚೆನ್ನಾಗಿರಲಿ, ಕಪಾರ್ರಾನದು ಎಂದು ತಿಳಿದಿದ್ದರೆ ತಜ್ಞರು ಅಷ್ಟು ತಲೆಬಾಗುತ್ತಿದ್ದರೇ? ಹಿತ್ತಲ ಗಿಡ ಮದ್ದಲ್ಲ. ನಾವೂ ಹಾಗೆಯೇ. ಹಂಪಿ, ಬೇಲೂರು ಎಂದರೆ ಎದೆಯುಬ್ಬಿಸಿ ಸ್ನೇಹಿತರಿಗೆ ಹೇಳುತ್ತೇವೆ. ಅಜ್ಜಿಯ ಕೈಬರಹದ ಹಾಡಿನ ಪುಸ್ತಕ ಅಟ್ಟದ ಮೇಲೆ ಎಲ್ಲಿದೆಯೋ ನಮಗೆ ತಿಳಿಯದು. ಹಂಪಿಯನ್ನು ಕಾಯಲು ಸರಕಾರವಿದೆ, ಕಾನೂನಿದೆ. ಅಜ್ಜಿಯ ಪುಸ್ತಕಕ್ಕೆ ಯಾವ ತಜ್ಞನೂ ಬರುವುದಿಲ್ಲ. ಅದಕ್ಕೆ ನೀವೇ ತಜ್ಞರು.

ಆದ್ದರಿಂದ ಗೆಳೆಯರೇ, ಎರಡು ಕೆಲಸ ಮಾಡಿ. ಸಾಧ್ಯವಾದರೆ ಈ ಚಿತ್ರವನ್ನು ಹುಡುಕಿ ನೋಡಿ. ಭಾಷೆ ಬರದಿದ್ದರೂ ಕೆಳಗಿನ ಅಕ್ಷರಗಳನ್ನು ಓದಿಕೊಂಡು ನೋಡಬಹುದು, ಮನೆಯವರನ್ನೂ ಕೂರಿಸಿಕೊಳ್ಳಿ. ಎರಡನೆಯದು, ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಹಳೆಯ ಮನೆ ಇನ್ನೂ ನಿಂತಿದ್ದರೆ, ಒಂದು ನೋಟ್‌ಪುಸ್ತಕ ಹಿಡಿದು ಹಿರಿಯರೊಡನೆ ಕೋಣೆಯಿಂದ ಕೋಣೆಗೆ ನಡೆಯಿರಿ. ಇಲ್ಲಿ ಯಾರಿದ್ದರು ಎಂದು ಕೇಳಿ. ಅವರು ಹೇಳಿದ ಹೆಸರುಗಳನ್ನು ಅವರು ಹೇಳಿದ ಕನ್ನಡದಲ್ಲಿಯೇ ಬರೆದುಕೊಳ್ಳಿ. ಮನೆ ಆಮೇಲೆ ಉಳಿದರೂ ಸರಿ, ಮಾರಿ ಹೋದರೂ ಸರಿ, ಆ ನೋಟ್‌ಪುಸ್ತಕವನ್ನು ಮಾತ್ರ ಯಾವ ಬಿಲ್ಡರನೂ ಕೆಡವಲಾರ.